ಪ್ರತಿಯೂ ಪ್ರತಿಯ ವಿಳಾಸವೂ

ಓಲೆಗರಿಯ ಹಳೆಯ ಕಟ್ಟೊಂದನ್ನು ಎಂದಾದರೂ ಬಿಚ್ಚಿ ನೋಡಿರುವ ಶ್ರೋತೃಗಳಿಗೆ ಒಂದು ಸಣ್ಣ ಸಂಗತಿ ನೆನಪಿನಲ್ಲಿ ಉಳಿದಿರಬಹುದು. ಗರಿಯ ಉದ್ದಕ್ಕೂ ಕಂಟದಿಂದ ಕೊರೆದ ಅಕ್ಷರಪಂಕ್ತಿಗಳಿರುತ್ತವೆ. ಗರಿಗಳನ್ನು ತೂತುಮಾಡಿ ಪೋಣಿಸಿದ ದಾರವಿರುತ್ತದೆ. ಇವೆರಡನ್ನೂ ಬಿಟ್ಟು, ಅಂಚಿನಲ್ಲಿ, ಕಾವ್ಯಕ್ಕಾಗಲಿ ಶಾಸ್ತ್ರಕ್ಕಾಗಲಿ ಯಾವ ಸಂಬಂಧವೂ ಇಲ್ಲದಂತೆ, ಒಂದು ಅಂಕಿ ಕುಳಿತಿರುತ್ತದೆ. ರಸಿಕನಾದವನು ಅದರ ಕಡೆಗೆ ಕಣ್ಣು ಹಾಯಿಸುವುದಿಲ್ಲ. ಆದರೆ ದಾರವು ಜೀರ್ಣವಾಗಿ ಹರಿದು ಇನ್ನೂರು ಗರಿಗಳು ಅಟ್ಟದಿಂದ ಅಂಗಳಕ್ಕೆ ಚೆಲ್ಲಿದ ದಿನ, ಅಕ್ಷರವೊಂದೂ ಅಳಿಯದೆ ಇದ್ದರೂ ಗ್ರಂಥವು ಗ್ರಂಥವಾಗಿ ಉಳಿಯುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಆ ಅಂಕಿಯೇ.

ಪ್ರತಿ ಮಾಡಿಸುವ ಪುಣ್ಯಕಾರ್ಯದಲ್ಲಿ ಕನ್ನಡಿಗರು ಯಾರಿಗೂ ಹಿಂದುಳಿದವರಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಒಂದೇ ಪ್ರತಿಯಿದ್ದರೆ ಅದು ಇಲ್ಲವಾದಂತೆಯೇ ಎಂಬ ತಿಳಿವಳಿಕೆ ನಮ್ಮ ರಕ್ತದಲ್ಲಿಯೇ ಇದೆಯೆಂದು ಹೇಳಬಹುದು. ಆದುದರಿಂದ ಪ್ರತಿ ಮಾಡಿರೆಂದು ನಿಮಗೆ ಬೋಧಿಸುವ ಸಾಹಸಕ್ಕೆ ನಾನು ಇಂದು ಕೈಹಾಕುವುದಿಲ್ಲ. ನಾನು ಮಾತನಾಡಬೇಕೆಂದಿರುವುದು ಅಂಚಿನ ಅಂಕಿಯ ವಿಷಯವಾಗಿ. ಅದರಲ್ಲಿಯೂ, ಓಲೆಗರಿಯ ಅಂಕಿಯಲ್ಲ, ನಮ್ಮ ಕಚೇರಿಗಳಲ್ಲಿ ಹಗಲಿರುಳು ಗುಂಯ್‌ಗುಡುತ್ತಿರುವ ಗಣಕಯಂತ್ರಗಳ ಅಂಕಿ.

ಯಂತ್ರದಲ್ಲಿರುವ ಲೆಕ್ಕಪತ್ರಗಳ, ದಾಖಲೆಗಳ, ತಂತ್ರಾಂಶಗಳ ಪ್ರತಿಯನ್ನು ಟೇಪಿನಲ್ಲಿಯೋ ಬೇರೊಂದು ಡಿಸ್ಕಿನಲ್ಲಿಯೋ ತೆಗೆದಿಡುವುದನ್ನು ಬ್ಯಾಕಪ್ ಎನ್ನುತ್ತಾರಷ್ಟೆ. ಒಂದು ಕಡತ ಕಳೆದುಹೋಯಿತೆನ್ನಿ, ಟೇಪನ್ನು ಹಾಕಿ ಅದೊಂದನ್ನು ಮರಳಿ ತರುವುದು ಸುಲಭ. ಯಂತ್ರವೇ ಇಲ್ಲವಾದರೆ? ಆಗ ನಮ್ಮ ಕೈಗೆ ಬರುವುದು ಅಂಗಡಿಯಿಂದ ತಂದ ಬರಿದಾದ ಯಂತ್ರ. ಅದಕ್ಕೆ ಟೇಪನ್ನು ಓದುವ ವಿದ್ಯೆ ತಿಳಿಯದು. ಆ ವಿದ್ಯೆಯನ್ನು ಕಲಿಸುವ ತಂತ್ರಾಂಶವು ಟೇಪಿನ ಒಳಗಿದೆ. ಟೇಪಿನ ಒಳಗಿರುವುದನ್ನು ತೆಗೆಯಬೇಕಾದರೆ ಆ ವಿದ್ಯೆ ಮೊದಲೇ ಬಂದಿರಬೇಕು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆಂಬ ದೋಷವಾಗಿ ಎಣಿಸುತ್ತಾರೆ. ಗೃಹಸ್ಥರು ಇಷ್ಟು ದೊಡ್ಡ ಮಾತನ್ನು ಬಳಸದೆ, ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಬೀಗ ಒತ್ತಿಬಿಟ್ಟೆನಲ್ಲಾ ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಈ ದೋಷದ ಪರಿಹಾರಕ್ಕಾಗಿಯೇ ಪ್ರತಿಯ ಹೊರಗೆ, ಪ್ರತಿಗಿಂತ ಬೇರೆಯಾಗಿ, ಒಂದು ಚಿಕ್ಕ ಕಡತವನ್ನು ಇಟ್ಟುಕೊಳ್ಳುವ ಪದ್ಧತಿ ಬಂದಿತು. ವೃತ್ತಿಯವರು ಅದನ್ನು ರಿಕವರಿ ಫೈಲ್ ಎನ್ನುತ್ತಾರೆ. ಕಳೆದುಹೋದ ಯಂತ್ರದಲ್ಲಿ ಎಷ್ಟು ಡಿಸ್ಕುಗಳಿದ್ದವು, ಒಂದೊಂದರ ಗಾತ್ರವೇನು, ಅವುಗಳನ್ನು ಯಾವ ಪಾರ್ಟಿಷನ್ನುಗಳಾಗಿ ವಿಂಗಡಿಸಿತ್ತು, ಯಂತ್ರವು ಎಚ್ಚರಗೊಳ್ಳುವಾಗ ಎಲ್ಲಿಂದ ಎಚ್ಚರಗೊಳ್ಳುತ್ತಿತ್ತು, ಜಾಲದಲ್ಲಿ ಅದರ ವಿಳಾಸವೇನು, ಕಡೆಯದಾಗಿ ಯಾವ ದಿನದ ಪ್ರತಿ ಯಾವ ಟೇಪಿನಲ್ಲಿದೆ, ಇವಿಷ್ಟೂ ಅದರಲ್ಲಿ ಇರತಕ್ಕದ್ದು.

ಇಂಥ ವಿವರ ಎಷ್ಟು ಅಲ್ಪವಾದದ್ದು, ಆದರೆ ಎಷ್ಟು ಅನಿವಾರ್ಯವಾದದ್ದು ಎಂಬುದಕ್ಕೆ ಒಂದು ಲೆಕ್ಕವನ್ನು ಹೇಳುತ್ತೇನೆ. ಹಳೆಯ ಪದ್ಧತಿಯ ಡಿಸ್ಕಿನ ಮೊಟ್ಟಮೊದಲಿನ 512 ಬೈಟುಗಳಲ್ಲಿ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಆದೇಶಗಳಿಗೆ ಮೀಸಲು. 2 ಬೈಟುಗಳು ಕೊನೆಯ ಮುದ್ರೆ. ನಡುವಿನ 64 ಬೈಟುಗಳು, ಒಂದೊಂದಕ್ಕೆ 16ರಂತೆ, ನಾಲ್ಕು ಪಾರ್ಟಿಷನ್ನುಗಳ ಗಡಿರೇಖೆಗಳು. ಕನ್ನಡ ಲಿಪಿಯ ಒಂದೊಂದು ಸಂಕೇತಕ್ಕೆ ಇಂದು ರೂಢಿಯಲ್ಲಿರುವ ಯೂನಿಕೋಡ್ ಬರಹದಲ್ಲಿ 3 ಬೈಟು ಹಿಡಿಯುವುದರಿಂದ, 64 ಬೈಟುಗಳಲ್ಲಿ ಇಪ್ಪತ್ತೊಂದು ಸಂಕೇತಗಳಿಗೆ ಮಾತ್ರ ಎಡೆಯಿದೆ. ಲಕೋಟೆಯ ಮೇಲೆ ಬರೆಯುವ ವಿಳಾಸದ ಮೊದಲ ಸಾಲಾದರೂ ಅದರಲ್ಲಿ ಮುಗಿದೀತೋ ಇಲ್ಲವೋ. ಆದರೆ ಈ 64 ಬೈಟುಗಳು ಅಳಿಸಿಹೋದರೆ, ಕೋಟ್ಯಂತರ ಬೈಟುಗಳ ಸಾಮಗ್ರಿ ಡಿಸ್ಕಿನಲ್ಲಿ ಅಕ್ಷತವಾಗಿಯೇ ಇದ್ದರೂ, ಯಂತ್ರದ ಪಾಲಿಗೆ ಅದು ಬಯಲು. ಹೊಸ ಪದ್ಧತಿಯನ್ನು ರೂಪಿಸಿದವರು ಈ ಅಪಾಯವನ್ನು ಅರಿತು, ಗಡಿಪಟ್ಟಿಯ ಎರಡನೆಯ ಪ್ರತಿಯೊಂದನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಇಡುವಂತೆ ಏರ್ಪಡಿಸಿದರು. ಒಳ್ಳೆಯ ಕೆಲಸವೇ ಸರಿ; ಆದರೆ ಡಿಸ್ಕು ಸುಟ್ಟರೆ ತುದಿಯೂ ಮೊದಲೂ ಕೂಡಿಯೇ ಸುಡುತ್ತವೆ.

ಈಗ ನನ್ನದೇ ಒಂದು ಅನುಭವವನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ನಾನು ಒಂದು ಕಚೇರಿಯ ಗಣಕಕೊಠಡಿಯ ಉಸ್ತುವಾರಿಯಲ್ಲಿದ್ದೆ. ಕಚೇರಿಯ ಹೆಸರು ಇಲ್ಲಿ ಅಪ್ರಕೃತ; ತಪ್ಪಿನಲ್ಲಿ ಹೆಚ್ಚಿನ ಪಾಲು ನನ್ನದೇ ಆದುದರಿಂದ ಅದನ್ನು ಹೇಳದಿರುವುದು ನನಗೂ ಅನುಕೂಲ. ಪ್ರತಿರಾತ್ರಿಯೂ ತಪ್ಪದೆ ಟೇಪಿಗೆ ಬ್ಯಾಕಪ್ ಹೋಗುತ್ತಿತ್ತು. ಬೆಳಿಗ್ಗೆ ಬಂದೊಡನೆ ಟೇಪನ್ನು ತೆಗೆದು, ಹೊದಿಕೆಯ ಮೇಲೆ ತಾರೀಖು ಬರೆದು, ಉಕ್ಕಿನ ಕಪಾಟಿನಲ್ಲಿ ಸಾಲಾಗಿ ಇಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕುವುದು ನನಗೆ ಸಂಧ್ಯಾವಂದನೆಯಂತೆ ನಿಯತವಾಗಿತ್ತು. ತಪಾಸಣೆಗೆ ಬಂದ ಅಧಿಕಾರಿಗಳು ಆ ರಿಜಿಸ್ಟರನ್ನು ನೋಡಿ ಎರಡು ಸಲ ಮೆಚ್ಚುಗೆಯ ಮಾತನ್ನೂ ಬರೆದಿದ್ದರು. ಕಪಾಟಿನ ಮೇಲುಹಲಗೆಯಲ್ಲಿ, ಒಂದು ಲಕೋಟೆಯೊಳಗೆ, ಯಂತ್ರವನ್ನು ಮೊದಲು ಸ್ಥಾಪಿಸಿದ ಎಂಜಿನಿಯರು ಮಾಡಿಕೊಟ್ಟಿದ್ದ ರಿಕವರಿ ಫ್ಲಾಪಿಯಿತ್ತು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ‘ಜೋಪಾನ’ ಎಂದು ಬರೆದಿತ್ತು. ನಾವು ಅದನ್ನು ಅಕ್ಷರಶಃ ಜೋಪಾನ ಮಾಡಿದೆವು: ಯಾರೂ ಮುಟ್ಟಲಿಲ್ಲ.

ಒಂದು ಮಳೆಗಾಲದ ಸೋಮವಾರ ಯಂತ್ರವು ಏಳಲಿಲ್ಲ. ಸಿಡಿಲೋ ವಿದ್ಯುತ್ತಿನ ಏರಿಳಿತವೋ, ಅಂತೂ ಎರಡು ಡಿಸ್ಕುಗಳು ಒಟ್ಟಿಗೆ ಹೋಗಿದ್ದವು. ಹೊಸ ಡಿಸ್ಕುಗಳು ಮಧ್ಯಾಹ್ನದ ಹೊತ್ತಿಗೆ ಬಂದವು; ಟೇಪುಗಳು ಇದ್ದವು; ಫ್ಲಾಪಿಯೂ ಇತ್ತು. ಲೆಕ್ಕವಿಭಾಗದ ಹಿರಿಯ ಗುಮಾಸ್ತರು ಬಾಗಿಲಲ್ಲಿ ನಿಂತು, “ಟೇಪಿದೆ ಅಂದ್ರಲ್ಲ ಸ್ವಾಮಿ, ಸಂಜೆಯೊಳಗೆ ಆಗತ್ತೆ ತಾನೆ?” ಎಂದರು. ನಾನು ಧೈರ್ಯವಾಗಿ, “ಆಗತ್ತೆ ರಾಯರೇ” ಎಂದೆ. ಫ್ಲಾಪಿ ಹಾಕಿದ ಮೇಲೆ ತಿಳಿದುಬಂದ ವೃತ್ತಾಂತ ಹೀಗಿತ್ತು: ಹಿಂದಿನ ವರ್ಷ ಜಾಗ ಸಾಲದೆಂದು ನಾವು ಒಂದು ಡಿಸ್ಕನ್ನು ತೆಗೆದು ದೊಡ್ಡದಾದ ಎರಡನ್ನು ಹಾಕಿಸಿದ್ದೆವು, ಫ್ಲಾಪಿಗೆ ಆ ವಿಷಯ ಗೊತ್ತಿರಲಿಲ್ಲ. ಅದು ತನ್ನ ನೆನಪಿನಲ್ಲಿದ್ದ ಹಳೆಯ ಮನೆಯ ಅಳತೆಗೆ ಹೊಸ ಮನೆಯ ಗೋಡೆಗಳನ್ನು ಎಬ್ಬಿಸಿತು. ಸಾಮಾನು ತುಂಬುವಾಗ ಅರ್ಧದಲ್ಲಿಯೇ ಜಾಗ ಮುಗಿಯಿತು. ಅದು ಹೋಗಲಿ ಎಂದರೆ, ಬ್ಯಾಕಪ್ಪಿನ ತಂತ್ರಾಂಶವು ನನ್ನನ್ನು ಏಳನೆಯ ಸಂಖ್ಯೆಯ ಟೇಪನ್ನು ಹಾಕೆಂದು ಕೇಳಿತು. ಫ್ಲಾಪಿ ತಯಾರಾದ ದಿನದ ಪೂರ್ಣಪ್ರತಿ ಏಳನೆಯ ಟೇಪಿನಲ್ಲಿ ಇದ್ದದ್ದು ನಿಜ. ಆದರೆ ಟೇಪುಗಳು ಸರದಿಯ ಮೇಲೆ ಸುತ್ತುತ್ತಿದ್ದುದರಿಂದ ಆಮೇಲೆ ಏಳನೆಯದರ ಮೇಲೆ ಎಷ್ಟು ಸಲ ಬೇರೆ ಬರಹ ಬಿದ್ದಿತ್ತೋ ದೇವರೇ ಬಲ್ಲ. ಯಾವ ಪ್ರತಿ ಯಾವ ಟೇಪಿನಲ್ಲಿದೆ ಎಂಬ ಸೂಚಿಯಾದರೋ ಸತ್ತ ಡಿಸ್ಕಿನಲ್ಲಿಯೇ ಇತ್ತು. ಕೊನೆಗೆ ಮೂವತ್ತೊಂದು ಟೇಪುಗಳನ್ನೂ ಒಂದಾದಮೇಲೊಂದು ಹಾಕಿ, ಅವುಗಳ ತಲೆಬರಹವನ್ನು ಯಂತ್ರದಿಂದ ಓದಿಸಿ, ಸೂಚಿಯನ್ನು ಮೊದಲಿನಿಂದ ಕಟ್ಟಿಕೊಂಡು, ಗುರುವಾರ ಸಂಜೆಗೆ ಕಚೇರಿ ಮತ್ತೆ ನಡೆಯುವಂತಾಯಿತು. ಒಂದು ಅಕ್ಷರವೂ ನಷ್ಟವಾಗಲಿಲ್ಲ. ಆದರೆ ಆ ನಾಲ್ಕು ದಿನಗಳಲ್ಲಿ ಗುಮಾಸ್ತರು ನನ್ನನ್ನು ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಆ ಘಟನೆಯ ತರುವಾಯ ಈ ವಿಷಯದ ಗ್ರಂಥಗಳನ್ನು ನಾನು ಶ್ರದ್ಧೆಯಿಂದ ಓದಿದೆ. ಬಹುಕಾಲ ಎಚ್‌ಪಿ ಸಂಸ್ಥೆಯ ವಶದಲ್ಲಿದ್ದ ಡೇಟಾ ಪ್ರೊಟೆಕ್ಟರ್ ಎಂಬ ತಂತ್ರಾಂಶದ ಕೈಪಿಡಿಯಲ್ಲಿ ಒಂದು ಸೂಕ್ಷ್ಮ ನನ್ನ ಗಮನಕ್ಕೆ ಬಂದಿತು. ಅದರಲ್ಲಿ ಯಂತ್ರದ ವಿನ್ಯಾಸವನ್ನು ಬ್ಯಾಕಪ್ ಮಾಡುವಾಗ ಎಸ್‌ಆರ್‌ಡಿ ಎಂಬ ಕಡತವೊಂದು ತಾನಾಗಿಯೇ ಹುಟ್ಟುತ್ತದೆ. ಹಾಗಿದ್ದರೂ ಬ್ಯಾಕಪ್ ಮುಗಿದ ಮೇಲೆ ಅದನ್ನು ಪರಿಷ್ಕರಿಸಲು ಪ್ರತ್ಯೇಕವಾದ ಒಂದು ಆದೇಶವನ್ನು ಇಟ್ಟಿದ್ದಾರೆ. ತಾನೇ ಹುಟ್ಟುವ ಕಡತಕ್ಕೆ ಪರಿಷ್ಕಾರವೇಕೆ ಎಂದು ನನಗೆ ಮೊದಲು ಸೋಜಿಗವಾಯಿತು. ವಿಚಾರಮಾಡಿದಾಗ ಕಾರಣ ಹೊಳೆಯಿತು. ಬ್ಯಾಕಪ್ ನಡೆಯುತ್ತಿರುವಾಗ ಬರೆದ ಕಡತಕ್ಕೆ ಆ ಬ್ಯಾಕಪ್ಪು ಹೇಗೆ ಮುಗಿಯಿತೆಂಬುದು ತಿಳಿದಿರಲು ಸಾಧ್ಯವೇ ಇಲ್ಲ. ಮದುವೆಯ ಖರ್ಚಿನ ಲೆಕ್ಕವನ್ನು ಮುಹೂರ್ತದ ವೇಳೆಗೇ ಬರೆದು ಮುಗಿಸಿದವನಿಗೆ ಬೀಗರ ಔತಣದ ಖರ್ಚು ಹೇಗೆ ಗೊತ್ತಾದೀತು? ಯಾವ ಸಾಮಗ್ರಿ ಯಾವ ಟೇಪಿನ ಮೇಲೆ ಹೋಗಿ ನಿಂತಿತು ಎಂಬ ವಾರ್ತೆಯು ಕಡೆಯ ಟೇಪು ನಿಂತ ಮೇಲೆ ಹುಟ್ಟುವಂಥದು. ಆದಕಾರಣ ವಿಳಾಸವನ್ನು ಬರೆಯುವ ಕೆಲಸವು ಪ್ರತಿ ತೆಗೆಯುವುದಕ್ಕೆ ಮೊದಲೂ ಅಲ್ಲ, ಜೊತೆಯಲ್ಲಿಯೂ ಅಲ್ಲ, ನಂತರವೇ ಆಗತಕ್ಕದ್ದು; ಮತ್ತು ಪ್ರತಿಸಲವೂ ಆಗತಕ್ಕದ್ದು. ಆ ಆದೇಶವನ್ನು ಬ್ಯಾಕಪ್ಪಿನ ಬಾಲಕ್ಕೆ ಕಟ್ಟಿಬಿಟ್ಟರೆ, ಬ್ಯಾಕಪ್ ಮುಗಿದೊಡನೆ ಮನುಷ್ಯನ ನೆನಪನ್ನು ಆಶ್ರಯಿಸದೆ ಅದು ತಾನೇ ನಡೆಯುತ್ತದೆ. ನೆನಪನ್ನು ನಂಬಿ ಕೆಟ್ಟವನಿಗೆ ಈ ಏರ್ಪಾಡಿನ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಇನ್ನೊಂದು ಬಗೆಯ ಹಳಸುವಿಕೆಯಿದೆ. ಅದು ಇದಕ್ಕಿಂತ ನಿಧಾನವಾದದ್ದು, ಆ ಕಾರಣಕ್ಕಾಗಿಯೇ ಹೆಚ್ಚು ಕಪಟಿಯಾದದ್ದು. ಟೇಪಿನ ಸಂಖ್ಯೆ ದಿನವೂ ಬದಲಾಗುತ್ತದೆ. ಡಿಸ್ಕುಗಳ ವಿನ್ಯಾಸವಾದರೋ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬದಲಾಗುವಂಥದು. ಅದು ಬದಲಾದ ದಿನ ಎಲ್ಲರ ಗಮನವೂ ಹೊಸ ಡಿಸ್ಕಿನ ಮೇಲೆಯೇ ಇರುತ್ತದೆ. ಕಪಾಟಿನ ಲಕೋಟೆಯನ್ನು ಯಾರು ನೆನೆಯುತ್ತಾರೆ? ಲಿನಕ್ಸ್ ಯಂತ್ರಗಳಿಗಾಗಿ 2006ರಲ್ಲಿ ಆರಂಭವಾದ ರಿಲ್ಯಾಕ್ಸ್ ಅಂಡ್ ರಿಕವರ್ ಎಂಬ ಮುಕ್ತ ತಂತ್ರಾಂಶದ ಕರ್ತರು ಇದಕ್ಕೆ ಅಚ್ಚುಕಟ್ಟಾದ ಒಂದು ಉಪಾಯವನ್ನು ಮಾಡಿದ್ದಾರೆ. ಅದರ ಒಂದು ಆದೇಶವು ಯಂತ್ರದ ಈಗಿನ ವಿನ್ಯಾಸವನ್ನು ಹಿಂದೆ ಬರೆದಿಟ್ಟ ವಿನ್ಯಾಸದೊಡನೆ ಹೋಲಿಸಿ, ವ್ಯತ್ಯಾಸವಿದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ; ವ್ಯತ್ಯಾಸವಿದ್ದರೆ ಹೊಸ ರಕ್ಷಾಪ್ರತಿಯನ್ನು ತಯಾರಿಸುವಂತೆ ಎರಡನೆಯ ಆದೇಶವನ್ನು ಅದಕ್ಕೆ ಹೊಂದಿಸಿಡಬಹುದು. ಪ್ರತಿರಾತ್ರಿ ಬಂದು ಮನೆಯ ಬಾಗಿಲುಗಳನ್ನು ಎಣಿಸಿ, ನಿನ್ನೆಯ ಲೆಕ್ಕಕ್ಕೆ ಸರಿಹೋದರೆ ಮಾತಿಲ್ಲದೆ ಹೋಗುವ ಕಾವಲುಗಾರನಂಥ ತಂತ್ರಾಂಶ ಇದು. ಗದ್ದಲ ಮಾಡುವ ತಂತ್ರಾಂಶಗಳ ನಡುವೆ ಇಂಥ ಮೌನಿಗಳು ನನಗೆ ಬಹಳ ಇಷ್ಟ.

ಹಳೆಯದಾದ ಕಡತ ನಿಷ್ಪ್ರಯೋಜಕವಷ್ಟೇ ಎಂದು ತಿಳಿಯಬಾರದು. ಕೆಲವು ವೇಳೆ ಅದು ಅಪಾಯಕಾರಿ. 1996ರಲ್ಲಿ ಬಂದ ವಿಂಡೋಸ್ ಎನ್‌ಟಿ 4 ಎಂಬ ಆವೃತ್ತಿಯಲ್ಲಿ ತುರ್ತು ದುರಸ್ತಿಯ ಫ್ಲಾಪಿಯನ್ನು ಪುನಃ ಬರೆಯಲು ಒಂದು ಸಣ್ಣ ಆದೇಶವಿತ್ತು. ಅದರ ಮುಂದೆ ಒಂದು ಗೆರೆಯನ್ನೂ ಒಂದು ಅಕ್ಷರವನ್ನೂ ಸೇರಿಸದಿದ್ದರೆ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳ ಭಾಗ ಮಾತ್ರ ಹಳೆಯದಾಗಿಯೇ ಉಳಿಯುತ್ತಿತ್ತು. ಫ್ಲಾಪಿಯ ಮೇಲೆ ನಿನ್ನೆಯ ತಾರೀಖು. ಒಳಗೆ ಯಂತ್ರವನ್ನು ಸ್ಥಾಪಿಸಿದ ದಿನದ ಪಾಸ್‌ವರ್ಡು! ಇಂದಿನ ದಿನಗಳಲ್ಲಿಯೂ, ಲಿನಕ್ಸಿನಲ್ಲಿ ಗೂಢಲಿಪಿಯಿಂದ ಭದ್ರಪಡಿಸಿದ ಡಿಸ್ಕಿನ ಶಿರೋಭಾಗದ ಪ್ರತಿಯನ್ನು ತೆಗೆದಿಟ್ಟವರು ಒಂದು ಸಂಗತಿಯನ್ನು ನೆನಪಿಡಬೇಕು: ಆಮೇಲೆ ಪಾಸ್‌ವರ್ಡನ್ನು ಬದಲಾಯಿಸಿದರೂ, ಹಳೆಯ ಶಿರೋಭಾಗದ ಪ್ರತಿಗೆ ಹಳೆಯ ಪಾಸ್‌ವರ್ಡೇ ಸಲ್ಲುತ್ತದೆ. ಕೆಲಸ ಬಿಟ್ಟುಹೋದವನಿಂದ ಬೀಗದ ಕೈಯನ್ನು ಕಿತ್ತುಕೊಂಡೆವೆಂದು ನಾವು ನೆಮ್ಮದಿಯಿಂದ ಇರುವಾಗ, ಅವನ ಕೈಗೆ ಒಪ್ಪುವ ಹಳೆಯ ಬಾಗಿಲೊಂದು ಕಪಾಟಿನಲ್ಲಿ ಕುಳಿತಿರುತ್ತದೆ. ಆದುದರಿಂದ ಹೊಸದನ್ನು ಬರೆದ ದಿನ ಹಳೆಯದನ್ನು ಅಳಿಸಿಹಾಕುವುದೂ ಪರಿಷ್ಕಾರದ ಅಂಗವೇ ಆಗಿದೆ.

ಇನ್ನು ಇಡುವ ಸ್ಥಳದ ಮಾತು. ಲಿನಕ್ಸಿನಲ್ಲಿ ಡಿಸ್ಕುಗಳನ್ನು ಕೂಡಿಸಿ ಹಂಚುವ ವ್ಯವಸ್ಥೆಯೊಂದಿದೆ. ವಿನ್ಯಾಸವು ಬದಲಾದಾಗಲೆಲ್ಲ ಅದು ತನ್ನ ವಿವರವನ್ನು ತಪ್ಪದೆ ಬರೆದುಕೊಳ್ಳುತ್ತದೆ, ಹಳೆಯ ವಿವರಗಳನ್ನೂ ಸಾಲಾಗಿ ಉಳಿಸುತ್ತದೆ. ಎಷ್ಟು ವಿಧೇಯವಾದ ಸೇವಕ! ಆದರೆ ಅದು ಬರೆದುಕೊಳ್ಳುವುದು ತಾನಿರುವ ಮನೆಯ ಗೋಡೆಯ ಮೇಲೆಯೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಬೆಂಕಿಗೆ ಆಹುತಿಯಾದಾಗ, ಪ್ರತಿಯನ್ನು ಅದೇ ಸ್ಥಳದಲ್ಲಿ ಇಟ್ಟುಕೊಂಡಿದ್ದ ಗ್ರಾಹಕರಿಗೆ ಮೂಲವೂ ಪ್ರತಿಯೂ ಒಟ್ಟಿಗೆ ಇಲ್ಲವಾದುವು. ವಿಳಾಸದ ಕಡತಕ್ಕಾದರೋ ಈ ವಿಷಯದಲ್ಲಿ ಒಂದು ಸೌಕರ್ಯವಿದೆ. ಅದು ಗಾತ್ರದಲ್ಲಿ ಅತ್ಯಲ್ಪ. ಪೂರ್ಣ ಬ್ಯಾಕಪ್ಪನ್ನು ಹತ್ತು ಕಡೆ ಇಡುವುದಕ್ಕೆ ಹಣ ಬೇಕು. ಈ ಕಡತವನ್ನು ಹತ್ತು ಕಡೆ ಇಡಲು ಬೇಕಾದದ್ದು ಸ್ವಲ್ಪ ಬುದ್ಧಿ ಮಾತ್ರ. ಇಷ್ಟು ಅಗ್ಗವಾದದ್ದನ್ನೇ ನಾವು ಒಂದೇ ಲಕೋಟೆಯಲ್ಲಿ ಇಡುತ್ತೇವೆ ಎಂಬುದು ಮನುಷ್ಯಸ್ವಭಾವದ ವೈಚಿತ್ರ್ಯಗಳಲ್ಲಿ ಒಂದು.

ದೊಡ್ಡವರಿಗೂ ಈ ಗತಿ ತಪ್ಪಿದ್ದಲ್ಲ. ಜಗತ್ತಿನ ತಂತ್ರಾಂಶ ಬರೆಯುವವರು ತಮ್ಮ ಕೃತಿಗಳನ್ನು ಒಪ್ಪಿಸಿಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ, 2017ರ ಜನವರಿ 31ರಂದು, ದಣಿದ ಎಂಜಿನಿಯರೊಬ್ಬರು ಒಂದು ಯಂತ್ರವೆಂದು ತಿಳಿದು ಇನ್ನೊಂದು ಯಂತ್ರದಲ್ಲಿ ಮುಖ್ಯ ದತ್ತಸಂಚಯವನ್ನೇ ಅಳಿಸಿಬಿಟ್ಟರು. ಬ್ಯಾಕಪ್ಪನ್ನು ಹುಡುಕಲು ಹೋದರೆ ಅದನ್ನು ಇಡಬೇಕಾಗಿದ್ದ ಪಾತ್ರೆ ಬರಿದಾಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ. ಅವರ ಸ್ಥಿತಿಯಲ್ಲಿ ಇದ್ದವರಿಗೆ ಬಂದಿರಲಾರದು. ದತ್ತಸಂಚಯದ ತಂತ್ರಾಂಶ 9.6ನೆಯ ಆವೃತ್ತಿಗೆ ಏರಿತ್ತು. ಅದರ ಪ್ರತಿ ತೆಗೆಯುವ ಉಪಕರಣವು 9.2ರಲ್ಲಿಯೇ ಉಳಿದಿದ್ದು, ಪ್ರತಿದಿನವೂ ಏಳುತ್ತಿತ್ತು, ಪ್ರತಿದಿನವೂ ಸೋಲುತ್ತಿತ್ತು. ಸೋತೆನೆಂದು ಅದು ಬರೆದ ಮಿಂಚಂಚೆಗಳಿಗೆ ಸರಿಯಾದ ಸಹಿಯಿಲ್ಲದ್ದರಿಂದ ಅವು ಯಾರಿಗೂ ತಲಪುತ್ತಿರಲಿಲ್ಲ. ಅದೃಷ್ಟವಶಾತ್ ಬೇರೆ ಯಾವುದೋ ಕೆಲಸಕ್ಕಾಗಿ ಆರು ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಸಿಕ್ಕಿತು; ಆರು ಗಂಟೆಗಳ ಬರಹ ಮಾತ್ರ ಹೋಯಿತು. ಆ ಸಂಸ್ಥೆಯವರು ಇದನ್ನು ಮುಚ್ಚಿಡದೆ ಎಲ್ಲವನ್ನೂ ಲೋಕದ ಮುಂದೆ ಬರೆದುಕೊಂಡದ್ದನ್ನು ನಾನು ಗೌರವಿಸುತ್ತೇನೆ. ತಪಾಸಣೆಯ ರಿಜಿಸ್ಟರಿನಲ್ಲಿ ಮೆಚ್ಚುಗೆ ಪಡೆದ ನನಗೆ ಅಷ್ಟು ಧೈರ್ಯವಿರಲಿಲ್ಲ.

ಸರ್ವರು ಟೇಪುಗಳ ಗೊಡವೆ ನಮಗೇಕೆ ಎಂದು ಮನೆಯಲ್ಲಿ ಕುಳಿತು ಕೇಳುತ್ತಿರುವ ತಾಯಂದಿರೂ ಹಿರಿಯರೂ ಅಂದುಕೊಳ್ಳುತ್ತಿರಬಹುದು. ನಿಮ್ಮ ಮಗನೋ ಮೊಮ್ಮಗಳೋ ನಿಮ್ಮ ಗೂಗಲ್ ಖಾತೆಯ ಭದ್ರತೆಗಾಗಿ ಹತ್ತು ಸಂಖ್ಯೆಗಳ ಒಂದು ಚೀಟಿಯನ್ನು ಮುದ್ರಿಸಿ ಬೀರುವಿನಲ್ಲಿ ಇಟ್ಟಿರಬಹುದು. ಫೋನು ಕಳೆದರೆ ಅವುಗಳಲ್ಲಿ ಒಂದನ್ನು ಒತ್ತಿ ಒಳಗೆ ಹೋಗಬಹುದು. ಒಂದೊಂದು ಸಂಖ್ಯೆ ಒಂದೇ ಸಲಕ್ಕೆ ಸಲ್ಲುತ್ತದೆ. ಹೊಸ ಹತ್ತನ್ನು ಪಡೆದ ಕ್ಷಣವೇ ಹಳೆಯ ಹತ್ತೂ ರದ್ದಾಗುತ್ತವೆ. ಆದರೆ ಬೀರುವಿನಲ್ಲಿರುವ ಕಾಗದಕ್ಕೆ ಈ ಸುದ್ದಿಯನ್ನು ಯಾರೂ ತಿಳಿಸುವುದಿಲ್ಲ. ಅದು ಮೊದಲಿನಷ್ಟೇ ಬೆಳ್ಳಗೆ, ಮೊದಲಿನಷ್ಟೇ ನಂಬಿಕೆ ಹುಟ್ಟಿಸುವಂತೆ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಮಲಗಿರುತ್ತದೆ. ಈ ರಾತ್ರಿ ಒಮ್ಮೆ ಅದನ್ನು ತೆಗೆದು ತಾರೀಖು ನೋಡುವುದು ಒಳ್ಳೆಯದು.

ನಮ್ಮ ಕಚೇರಿಯ ಕಥೆಯ ಶೇಷಭಾಗವನ್ನು ಹೇಳಿ ಮುಗಿಸುತ್ತೇನೆ. ಮುಂದಿನ ವರ್ಷದ ದಸರಾ ರಜೆಯಲ್ಲಿ, ಮೇಲಧಿಕಾರಿಗಳ ಅಪ್ಪಣೆ ಪಡೆದು, ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಯಂತ್ರವನ್ನು ಒರೆಸಿ ತಂದು, ಅದರಲ್ಲಿ ಏನೂ ಇಲ್ಲದಂತೆ ಮಾಡಿ, ಹಿಂದಿನ ರಾತ್ರಿಯ ಟೇಪಿನಿಂದಲೂ ಅದೇ ರಾತ್ರಿ ಪರಿಷ್ಕೃತವಾದ ಕಡತದಿಂದಲೂ ಇಡೀ ಕಚೇರಿಯನ್ನು ಮತ್ತೆ ಎಬ್ಬಿಸುವ ಪ್ರಯೋಗ ಮಾಡಿದೆವು. ಕಡತವನ್ನು ಈ ಸಲ ಬೇರೆ ಬೀದಿಯಲ್ಲಿದ್ದ ನಮ್ಮ ಶಾಖೆಯ ಕಪಾಟಿನಿಂದ ತರಿಸಿದ್ದೆವು. ಹಿರಿಯ ಗುಮಾಸ್ತರು ಯಾರೂ ಕರೆಯದಿದ್ದರೂ ಬಂದು, ಒಂದು ಕುರ್ಚಿ ಎಳೆದುಕೊಂಡು, ಪರೀಕ್ಷಕರಂತೆ ಕುಳಿತರು. ಯಂತ್ರವು ಈ ಸಲ ಇಪ್ಪತ್ತಮೂರನೆಯ ಟೇಪನ್ನು ಕೇಳಿತು. ಇಪ್ಪತ್ತಮೂರನೆಯದು ನನ್ನ ಕೈಯಲ್ಲಿಯೇ ಇತ್ತು. ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಪರದೆಯ ಮೇಲೆ ಹಿಂದಿನ ದಿನದ ನಗದು ಪುಸ್ತಕದ ಕೊನೆಯ ಸಾಲು ಮೂಡಿತು. ಗುಮಾಸ್ತರು ಕನ್ನಡಕವನ್ನು ಏರಿಸಿಕೊಂಡು, ಜೇಬಿನಿಂದ ಒಂದು ಚೀಟಿಯನ್ನು ತೆಗೆದು, ಅದರಲ್ಲಿ ತಮ್ಮ ಕೈಯಿಂದಲೇ ಬರೆದು ತಂದಿದ್ದ ಮೊತ್ತವನ್ನು ಪರದೆಯ ಮೊತ್ತದೊಡನೆ ಪೈಸೆ ಪೈಸೆಗೂ ತಾಳೆ ನೋಡಿ, ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, “ಕಾಫಿ ತರಿಸೋಣವೇ ಸ್ವಾಮಿ?” ಎಂದರು.